ಶಂಖ ಒಡೆಯುವ ಮೊದಲೇ ಅಧಿಕಾರ ಕೈಬದಲಾಗಿತ್ತು

ಪ್ರಶ್ನೆ: ನಾನು ಸೇಡಂ ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಪಠ್ಯದ ಹೊರಗಿನ ಒಂದು ಕಾದಂಬರಿ ಓದಿಸಬೇಕೆಂದು ವಿಲಿಯಂ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದಿ ಫ್ಲೈಸ್’ ಆರಿಸಿಕೊಂಡಿದ್ದೇನೆ. ಗೈಡಿನಲ್ಲಿ ಶಂಖವೆಂದರೆ ಪ್ರಜಾಪ್ರಭುತ್ವ, ಕನ್ನಡಕವೆಂದರೆ ವಿಜ್ಞಾನ, ಹಂದಿಯ ತಲೆಯೆಂದರೆ ಸೈತಾನ ಎಂದು ಕೊಟ್ಟಿದ್ದಾರೆ. ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತಿದ್ದಾರೆ. ಒಬ್ಬ ಹುಡುಗಿ ಮಾತ್ರ, ಶಂಖವನ್ನು ಗುರುತಿಸಿದವನೂ ಊದುವುದನ್ನು ಹೇಳಿಕೊಟ್ಟವನೂ ಪಿಗ್ಗಿ ಆಗಿರುವಾಗ ನಾಯಕನ ಆಯ್ಕೆಯಲ್ಲಿ ಅವನ ಹೆಸರನ್ನೇ ಯಾರೂ ಏಕೆ ಎತ್ತಲಿಲ್ಲ ಎಂದು ಕೇಳಿದಳು. ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಅತ್ತ ಪಾಲಕರೊಬ್ಬರು, ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ಇಂಥ ಪುಸ್ತಕ ಕೊಟ್ಟರೆ ಹೊಡೆದಾಟ ಕಲಿಯುತ್ತಾರೆ ಎಂದು ಆಕ್ಷೇಪಿಸಿದ್ದಾರೆ. ದೊಡ್ಡವರಿಲ್ಲದ ಕಡೆ ಮಕ್ಕಳು ಮೃಗಗಳಾಗುತ್ತಾರೆ ಎಂಬುದೇ ಈ ಕಾದಂಬರಿಯ ಅರ್ಥವೇ? ಶಂಖದ ಸಭೆಯನ್ನು ಅನುಭವ ಮಂಟಪಕ್ಕೆ ಹೋಲಿಸಬಹುದೇ? ಸ್ನೇಹ ಸಮ್ಮೇಳನದಲ್ಲಿ ಇದನ್ನು ನಾಟಕವಾಗಿ ಆಡಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಸಂಕೇತಗಳನ್ನು ಹೇಗೆ ಓದಿಸಬೇಕು ಎಂಬುದು ಒಂದು. ಹಿಂಸೆಯಿರುವ ಪುಸ್ತಕವನ್ನು ಹಾಸ್ಟೆಲ್ ಮಕ್ಕಳ ಕೈಗೆ ಕೊಡಬಹುದೇ ಎಂಬುದು ಇನ್ನೊಂದು. ಕಲಬುರಗಿಯಲ್ಲಿ ಸ್ನಾತಕೋತ್ತರ ತರಗತಿಗಳಿಗೆ ಈ ಕಾದಂಬರಿಯನ್ನು ಪಾಠ ಮಾಡುತ್ತ ಬಂದ ನನಗೆ ಇವೆರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ಶಂಖವೆಂದರೆ ಇಷ್ಟು, ಬಣ್ಣವೆಂದರೆ ಇಷ್ಟು ಎಂದು ಅರ್ಥ ಕಂಠಪಾಠ ಮಾಡಿದ ವಿದ್ಯಾರ್ಥಿಗೆ ಕಥೆಯಲ್ಲಿ ಉಳಿಯುವುದು ಬರೀ ಹೊಡೆದಾಟ. ಆ ಹೊಡೆದಾಟದವರೆಗೆ ಹುಡುಗರು ಹೇಗೆ ಬಂದರೆಂಬುದನ್ನು ತಿಳಿಯಬೇಕಾದರೆ, ಆ ವಸ್ತುಗಳು ಯಾರ ಕೈಯಿಂದ ಯಾರ ಕೈಗೆ ಹೋದವು, ಯಾವಾಗ ಬೆಲೆ ಪಡೆದವು, ಯಾರು ಮೊದಲು ಅವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದರು ಎಂಬುದನ್ನು ಗಮನಿಸಬೇಕು. ಪಾಲಕರ ಭಯಕ್ಕೂ ಉತ್ತರ ಅಲ್ಲಿಯೇ ಇದೆ.

ಓದದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಕಾದಂಬರಿ ಪ್ರಕಟವಾದದ್ದು 1954ರಲ್ಲಿ. ಯುದ್ಧದ ಸಮಯದಲ್ಲಿ ಇಂಗ್ಲೆಂಡಿನ ಶಾಲಾ ಹುಡುಗರನ್ನು ಸಾಗಿಸುತ್ತಿದ್ದ ವಿಮಾನ ದಾಳಿಗೆ ಸಿಕ್ಕು, ಆರರಿಂದ ಹನ್ನೆರಡು ವರ್ಷದ ಹುಡುಗರು ಮಾತ್ರ ಜನವಸತಿಯಿಲ್ಲದ ದ್ವೀಪವೊಂದರಲ್ಲಿ ಉಳಿಯುತ್ತಾರೆ. ರಾಲ್ಫ್ ನಾಯಕನಾಗುತ್ತಾನೆ, ದಪ್ಪ ಮೈಯ, ಕನ್ನಡಕದ ಪಿಗ್ಗಿ ಅವನಿಗೆ ಬುದ್ಧಿ ಹೇಳುತ್ತಾನೆ, ಚರ್ಚ್ ಗಾಯನವೃಂದದ ಮುಖಂಡ ಜ್ಯಾಕ್ ಬೇಟೆಯ ಪಡೆ ಕಟ್ಟಿ ಕೊನೆಗೆ ಬೇರೆಯಾಗುತ್ತಾನೆ. ಗಾಯನವೃಂದದ ಹುಡುಗ ಸೈಮನ್ ಮತ್ತು ಪಿಗ್ಗಿ ಕೊಲೆಯಾಗುತ್ತಾರೆ, ರಾಲ್ಫ್‌ನನ್ನು ಬೇಟೆಯಾಡುವಾಗ ನೌಕಾಪಡೆಯ ಅಧಿಕಾರಿಯೊಬ್ಬ ಬಂದಿಳಿಯುತ್ತಾನೆ. ಬರೆದ ಗೋಲ್ಡಿಂಗ್ ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿದ್ದವರು, ಆಮೇಲೆ ಸಾಲ್ಸ್‌ಬರಿಯ ಹುಡುಗರ ಶಾಲೆಯೊಂದರಲ್ಲಿ ನಿಮ್ಮ ಹಾಗೆಯೇ ಪಾಠ ಹೇಳಿದವರು. ಯುದ್ಧದಲ್ಲಿ ದೊಡ್ಡವರನ್ನೂ ತರಗತಿಯಲ್ಲಿ ಹುಡುಗರನ್ನೂ ನೋಡಿದ ಮನುಷ್ಯ ಬರೆದ ಪುಸ್ತಕವಿದು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಈಗ ಶಂಖಕ್ಕೆ ಬರೋಣ. ಶಂಖವೇ ಪ್ರಜಾಪ್ರಭುತ್ವ ಎಂಬ ಗೈಡಿನ ಉತ್ತರ ಪರೀಕ್ಷೆಗೆ ಸಾಕಾದೀತು, ಕಾದಂಬರಿಗೆ ಸಾಲದು. ಮೊದಲ ಅಧ್ಯಾಯದಲ್ಲಿ ಅದು ಕೆನೆಬಣ್ಣದ, ಅಲ್ಲಲ್ಲಿ ಗುಲಾಬಿ ಛಾಯೆಯ ಚಿಪ್ಪು. ರಾಲ್ಫ್ ಊದಿದಾಗ ಚದುರಿದ್ದ ಮಕ್ಕಳೆಲ್ಲ ಸದ್ದು ಬಂದ ಕಡೆಗೆ ಓಡಿ ಬರುತ್ತಾರೆ, ಏಕೆಂದರೆ ಆ ಸದ್ದಿನ ಹಿಂದೆ ದೊಡ್ಡವರೊಬ್ಬರು ಇದ್ದಾರು ಎಂಬ ಆಸೆ ಅವರಿಗಿದೆ. ಅವರು ರಾಲ್ಫ್‌ನನ್ನು ಆರಿಸಲು ಅವನ ಮೈಕಟ್ಟು, ನೋಟ, ಎಲ್ಲಕ್ಕಿಂತ ಹೆಚ್ಚಾಗಿ ಅವನ ಕೈಯಲ್ಲಿದ್ದ ಆ ಶಂಖ ಕಾರಣವೆಂದು ಗೋಲ್ಡಿಂಗ್ ಸ್ಪಷ್ಟವಾಗಿ ಬರೆಯುತ್ತಾರೆ. ಮತದಾನವನ್ನು ಅವರು ಒಂದು ಆಟಿಕೆ ಎಂದೇ ಕರೆಯುತ್ತಾರೆ, ಗಾಯನವೃಂದದ ಹುಡುಗರು ಜ್ಯಾಕ್‌ಗೆ ಕೈಯೆತ್ತುವುದು ಬೇರೆ ದಾರಿಯಿಲ್ಲದ ವಿಧೇಯತೆಯಿಂದ. ಅಂದರೆ ಮೊದಲ ಚುನಾವಣೆಯಲ್ಲಿಯೇ ತಿಳಿವಳಿಕೆಗಿಂತ ರೂಪ, ಸದ್ದು, ರೂಢಿ ಇವುಗಳಿಗೆ ಮತ ಬಿದ್ದಿದೆ.

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಇಲ್ಲಿಂದ ದಾರಿ ಸಿಗುತ್ತದೆ, ಮತ್ತು ಆ ಪ್ರಶ್ನೆ ಇಡೀ ಗೈಡಿಗಿಂತ ಹೆಚ್ಚು ಬೆಲೆಯುಳ್ಳದ್ದು. ಪಿಗ್ಗಿಯ ಹೆಸರು ಬಾರದಿರಲು ಕಾರಣ ಅವನ ದಪ್ಪ ಮೈ ಮತ್ತು ಉಬ್ಬಸವಷ್ಟೇ ಎಂದು ಬಹಳ ಜನ ಬರೆಯುತ್ತಾರೆ. ಅವನ ಮಾತನ್ನು ಕಿವಿಗೊಟ್ಟು ಓದಿ. ಉಳಿದವರು ಆಡುವ ಶಿಷ್ಟ ಇಂಗ್ಲಿಷ್ ಅವನದಲ್ಲ. ವ್ಯಾಕರಣ ತಪ್ಪುತ್ತದೆ, ಉಬ್ಬಸ ರೋಗದ ಹೆಸರನ್ನೂ ಅವನು ಸರಿಯಾಗಿ ಉಚ್ಚರಿಸುವುದಿಲ್ಲ, ಮಾತಿಗೊಮ್ಮೆ ತನ್ನನ್ನು ಸಾಕಿದ ಚಿಕ್ಕಮ್ಮನನ್ನು ನೆನೆಯುತ್ತಾನೆ. ಅವನು ಬಡ ಮನೆಯ ಹುಡುಗನೆಂದು ಬಾಯಿ ತೆರೆದೊಡನೆ ಉಳಿದವರಿಗೆ ಗೊತ್ತಾಗುತ್ತದೆ. ಅವನ ನಿಜವಾದ ಹೆಸರನ್ನು ರಾಲ್ಫ್ ಕೇಳುವುದೇ ಇಲ್ಲ, ಕಾದಂಬರಿ ಮುಗಿದರೂ ನಮಗೆ ತಿಳಿಯುವುದಿಲ್ಲ. ಬೇಡವೆಂದು ಬೇಡಿಕೊಂಡ ಅಡ್ಡಹೆಸರನ್ನು ಸಭೆಯಲ್ಲಿ ಕೂಗಿ ಎಲ್ಲರನ್ನೂ ನಗಿಸಿದವನು ಅದೇ ರಾಲ್ಫ್. ನಮ್ಮ ಭಾಗದ ಹುಡುಗ ಹುಡುಗಿಯರು ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಹೋದಾಗ, ಹೇಳಿದ ವಿಷಯ ಬಿಟ್ಟು ಮಾತಿನ ಧಾಟಿಗೆ ನಗುವವರನ್ನು ಕಂಡಿರುತ್ತಾರೆ. ಸೇಡಂನ ಮಕ್ಕಳಿಗೆ ಪಿಗ್ಗಿಯ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಭೆಯಲ್ಲಿ ಶಂಖ ಹಿಡಿದವರು ಮಾತ್ರ ಮಾತನಾಡಬೇಕೆಂಬುದು ನಿಯಮ, ಆದರೆ ಶಂಖವನ್ನು ಹಿಡಿದಾಗಲೂ ಅವನ ಮಾತು ಕೇಳಿಸುವುದಿಲ್ಲ. ಮಾತನಾಡುವ ಹಕ್ಕನ್ನು ಶಂಖ ಕೊಡಬಲ್ಲದು, ಕೇಳುವ ಮನಸ್ಸನ್ನು ಕೊಡಲಾರದು.

ಇನ್ನೊಂದು ಸಣ್ಣ ಘಟನೆಯನ್ನು ಗೈಡುಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಸೋತ ಜ್ಯಾಕ್‌ನ ಮುಖ ಅವಮಾನದಿಂದ ಕೆಂಪಾದಾಗ ಅವನನ್ನು ಸಮಾಧಾನಪಡಿಸಬೇಕೆಂದು ರಾಲ್ಫ್, ಗಾಯನವೃಂದ ನಿನ್ನದೇ ಎಂದು ಬಿಟ್ಟುಕೊಡುತ್ತಾನೆ, ಅವರು ಏನಾಗಬೇಕೆಂದು ಕೇಳುತ್ತಾನೆ. ಬೇಟೆಗಾರರು ಎಂದು ಜ್ಯಾಕ್ ಹೇಳುತ್ತಾನೆ. ದ್ವೀಪದ ಮೊದಲ ದಿನವೇ, ಒಳ್ಳೆಯ ಮನಸ್ಸಿನಿಂದಲೇ, ಈಟಿ ಹಿಡಿಯುವ ಪಡೆಯೊಂದು ಸಭೆಯ ಹಿಡಿತದಿಂದ ಹೊರಗೆ ಹೋಯಿತು. ಹನ್ನೊಂದನೆಯ ಅಧ್ಯಾಯದಲ್ಲಿ ಜ್ಯಾಕ್‌ನ ಪಡೆಯ ರೋಜರ್ ಉರುಳಿಸಿದ ಬಂಡೆಗೆ ಶಂಖ ಸಾವಿರ ಚೂರಾಗುವುದನ್ನು ಎಲ್ಲರೂ ದೊಡ್ಡ ತಿರುವೆಂದು ಗುರುತು ಹಾಕುತ್ತಾರೆ, ಆದರೆ ಅಷ್ಟರಲ್ಲಿ ಆ ಶಂಖ ಬಿಸಿಲಿಗೆ ಬಣ್ಣ ಕಳೆದು ಬಿಳುಪಾಗಿ, ದ್ವೀಪದ ಈ ತುದಿಯಲ್ಲಿ ಶಂಖ ಲೆಕ್ಕಕ್ಕಿಲ್ಲ ಎಂದು ಜ್ಯಾಕ್ ಆಗಲೇ ಸಾರಿಬಿಟ್ಟಿದ್ದ. ಅಧಿಕಾರ ಕೈಬದಲಾದ ಬಹಳ ದಿನಗಳ ಮೇಲೆ ಅದರ ಗುರುತು ಒಡೆಯಿತು. ಈ ಅಂತರವನ್ನು ಮಕ್ಕಳು ತಾವೇ ಪುಟ ತಿರುವಿ ಹುಡುಕಲಿ.

ಅನುಭವ ಮಂಟಪದ ಹೋಲಿಕೆ ಬಸವಕಲ್ಯಾಣದ ಆಸುಪಾಸಿನ ನಮ್ಮ ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ, ಅದನ್ನು ತಡೆಯಬೇಡಿ. ಹುಟ್ಟು, ಅಂತಸ್ತು ನೋಡದೆ ಮಾತಿಗೆ ಎಡೆಕೊಡುವ ಸಭೆ ಎಂಬಷ್ಟರ ಮಟ್ಟಿಗೆ ಅದು ಸರಿ. ಆದರೆ ಹನ್ನೆರಡನೆಯ ಶತಮಾನದ ಶರಣರು ಸಭೆಗೆ ಬಂದದ್ದು ಕಾಯಕದೊಡನೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ ಎಂದು ಹೆಸರಿನಲ್ಲಿಯೇ ದುಡಿಮೆ ನಿಂತಿದೆ. ದ್ವೀಪದ ಸಭೆಯಲ್ಲಿ ಮಾತಿದೆ, ಕಾಯಕ ಕರಗುತ್ತ ಹೋಗುತ್ತದೆ. ಐದನೆಯ ಅಧ್ಯಾಯದಲ್ಲಿ ರಾಲ್ಫ್ ಇದನ್ನೇ ಲೆಕ್ಕ ಒಪ್ಪಿಸುತ್ತಾನೆ: ಮೊದಲ ಗುಡಿಸಲನ್ನು ಎಲ್ಲರೂ ಸೇರಿ ಕಟ್ಟಿದರು, ಎರಡನೆಯದನ್ನು ನಾಲ್ವರು, ಮೂರನೆಯದನ್ನು ಅವನು ಮತ್ತು ಸೈಮನ್ ಇಬ್ಬರೇ. ತೆಂಗಿನ ಚಿಪ್ಪುಗಳಲ್ಲಿ ನೀರು ತುಂಬಿಡಬೇಕೆಂದು ಸಭೆ ಒಪ್ಪಿತ್ತು, ಅದೂ ನಿಂತುಹೋಯಿತು. ಬಯಲಿಗೆ ಹೋಗಲು ಗೊತ್ತುಮಾಡಿದ ಬಂಡೆಗಳನ್ನು ಬಿಟ್ಟು ಮಕ್ಕಳು ಎಲ್ಲೆಂದರಲ್ಲಿ ಕೂರತೊಡಗಿದರು. ಸಭೆಯ ಮಾತು ಕೆಲಸಕ್ಕೆ ಇಳಿಯದೆ ಹೋದಾಗ ಶಂಖದ ಬೆಲೆ ಇಳಿಯುತ್ತದೆ, ಹೋಲಿಕೆಯನ್ನು ಇಲ್ಲಿಯವರೆಗೆ ತಂದರೆ ಅದು ಉಪಯೋಗಕ್ಕೆ ಬರುತ್ತದೆ.

ಕನ್ನಡಕದ ಬಗ್ಗೆ ಒಂದೇ ಮಾತು. ಹುಡುಗರು ಬಿಸಿಲಿನಲ್ಲಿ ಬೆಂಕಿ ಹೊತ್ತಿಸುವುದು ಪಿಗ್ಗಿಯ ಕನ್ನಡಕದಿಂದ, ಆದರೆ ಅದು ಸಮೀಪದೃಷ್ಟಿ ದೋಷದ ಕನ್ನಡಕ, ಅದರಲ್ಲಿರಬೇಕಾದದ್ದು ನಿಮ್ನ ಮಸೂರ, ಅದು ಬೆಳಕನ್ನು ಚದುರಿಸುತ್ತದೆಯೇ ಹೊರತು ಬೆಂಕಿ ಹೊತ್ತಿಸುವಂತೆ ಒಂದೆಡೆ ಸೇರಿಸುವುದಿಲ್ಲ. ವಿಮರ್ಶಕರು ಈ ತಪ್ಪನ್ನು ಬಹಳ ಹಿಂದೆಯೇ ತೋರಿಸಿದ್ದಾರೆ. ನಿಮ್ಮ ಮಕ್ಕಳಲ್ಲಿ ಯಾರಾದರೂ ಅದನ್ನು ಹಿಡಿದರೆ ಮೆಚ್ಚಿ, ಆಮೇಲೆ ಕನ್ನಡಕದ ಒಂದು ಗಾಜನ್ನು ಒಡೆದವರಾರು, ಕೊನೆಗೆ ಕದ್ದವರಾರು ಎಂದು ಕೇಳಿ.

ಇನ್ನು ಕ್ರೌರ್ಯದ ಮಾತು. ನಾಗರಿಕತೆ ಕಳಚಿಬಿದ್ದು ಕಾಡುತನ ಹೊರಬಂತು ಎಂಬುದು ಈ ಪುಸ್ತಕದ ಬಗ್ಗೆ ಎಲ್ಲೆಡೆ ಕೇಳಿಬರುವ ಮಾತು, ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಜ್ಯಾಕ್ ದ್ವೀಪಕ್ಕೆ ಬರುವಾಗಲೇ ಕಪ್ಪು ನಿಲುವಂಗಿ ತೊಟ್ಟ ಹುಡುಗರನ್ನು ಸುಡುಬಿಸಿಲಿನಲ್ಲಿ ಎರಡು ಸಾಲಾಗಿ ಕವಾಯತು ಮಾಡಿಸುತ್ತ ಬರುತ್ತಾನೆ, ಸೈಮನ್ ತಲೆಸುತ್ತಿ ಬೀಳುತ್ತಾನೆ. ಅಪ್ಪಣೆ, ಸಮವಸ್ತ್ರ, ಸಾಲು, ಇವೆಲ್ಲ ಒಳ್ಳೆಯ ಶಾಲೆಯಿಂದಲೇ ಬಂದವು. ಅದೇ ಹುಡುಗ ಮೊದಲ ದಿನ ಬಳ್ಳಿಗಳಲ್ಲಿ ಸಿಕ್ಕಿಕೊಂಡ ಹಂದಿಮರಿಯನ್ನು ಕೊಲ್ಲಲಾರದೆ ಚಾಕು ಎತ್ತಿದ ಕೈಯನ್ನು ಹಾಗೆಯೇ ತಡೆದು ನಿಲ್ಲಿಸುತ್ತಾನೆ, ಏಕೆಂದರೆ ಜೀವವಿರುವ ಮಾಂಸಕ್ಕೆ ಚಾಕು ಇಳಿಯುವುದನ್ನೂ ರಕ್ತವನ್ನೂ ಅವನಿಗೆ ಸಹಿಸಲಾಗದು. ಕೊಲ್ಲುವುದನ್ನು ಅವನು ಕಲಿಯಬೇಕಾಯಿತು.

ಆ ಕಲಿಕೆಯನ್ನು ಗೋಲ್ಡಿಂಗ್ ಎಷ್ಟು ಹತ್ತಿರದಿಂದ ತೋರಿಸುತ್ತಾರೆಂಬುದಕ್ಕೆ ನಾಲ್ಕನೆಯ ಅಧ್ಯಾಯದ ಒಂದು ದೃಶ್ಯವನ್ನು ತರಗತಿಯಲ್ಲಿ ನಿಧಾನವಾಗಿ ಓದಿಸಿ. ಹೆನ್ರಿ ಎಂಬ ಪುಟ್ಟ ಹುಡುಗ ನೀರಿನ ಅಂಚಿನಲ್ಲಿ ಕುಳಿತು, ಅಲೆಯೊಡನೆ ಬರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಕಡ್ಡಿಯಿಂದ ಅತ್ತಿತ್ತ ತಿರುಗಿಸುತ್ತಿದ್ದಾನೆ, ಜೀವಗಳು ತನ್ನ ಮಾತು ಕೇಳುತ್ತಿವೆ ಎಂಬ ಭ್ರಮೆಯಲ್ಲಿ ಮೈಮರೆತಿದ್ದಾನೆ. ತೆಂಗಿನ ಮರದ ಹಿಂದೆ ನಿಂತ ರೋಜರ್ ಅವನತ್ತ ಕಲ್ಲೆಸೆಯುತ್ತಾನೆ, ಆದರೆ ಹೆನ್ರಿಯ ಸುತ್ತ ಕೆಲವು ಗಜಗಳಷ್ಟು ಜಾಗ ಬಿಟ್ಟು ಎಸೆಯುತ್ತಾನೆ. ಅಪ್ಪ ಅಮ್ಮ, ಶಾಲೆ, ಪೊಲೀಸರು, ಕಾನೂನು ಇವೆಲ್ಲ ಆ ಖಾಲಿ ಜಾಗವನ್ನು ಇನ್ನೂ ಕಾಯುತ್ತಿವೆ. ಮಗು ಸಣ್ಣ ಜೀವಿಗಳನ್ನು ಆಳುತ್ತದೆ, ದೊಡ್ಡ ಹುಡುಗ ಮಗುವನ್ನು ಆಳಲು ಕೈ ಪಳಗಿಸಿಕೊಳ್ಳುತ್ತಿದ್ದಾನೆ. ಬಂಡೆ ಉರುಳಿಸಿ ಪಿಗ್ಗಿಯನ್ನು ಕೊಲ್ಲುವ ಕೈಯೂ ಇದೇ. ಇಲ್ಲಿ ಯಾವ ಗೈಡೂ ಹೆಸರಿಸಿದ ಸಂಕೇತವಿಲ್ಲ, ಇಡೀ ಕಾದಂಬರಿ ಈ ಪುಟದಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಮುಖಕ್ಕೆ ಬಳಿದ ಬಣ್ಣವನ್ನು ‘ಅನಾಗರಿಕತೆಯ ಸಂಕೇತ’ ಎಂದು ಬರೆಸುವುದನ್ನು ದಯವಿಟ್ಟು ನಿಲ್ಲಿಸಿ. ನಮ್ಮ ಹಳ್ಳಿಗಳಲ್ಲಿ ಮೊಹರಂ ಬಂದಾಗ ಹರಕೆ ಹೊತ್ತವರು ಮೈಗೆ ಹುಲಿಯ ಬಣ್ಣ ಬಳಿದುಕೊಂಡು ಹಲಗೆಯ ಬಡಿತಕ್ಕೆ ಕುಣಿಯುತ್ತಾರೆ. ಬಣ್ಣದೊಳಗೆ ಯಾರಿದ್ದಾರೆಂದು ಊರಿಗೆಲ್ಲ ಗೊತ್ತು, ಹಬ್ಬ ಮುಗಿದ ಮೇಲೆ ಬಣ್ಣ ತೊಳೆಯುತ್ತಾರೆ. ಜ್ಯಾಕ್ ಕೆಂಪು ಬಿಳಿ ಮಣ್ಣು, ಇದ್ದಿಲು ಬಳಿದುಕೊಂಡು ನೀರಿನಲ್ಲಿ ಮುಖ ನೋಡಿದಾಗ ಅಲ್ಲಿ ಅಪರಿಚಿತನೊಬ್ಬನನ್ನು ಕಾಣುತ್ತಾನೆ, ಆ ಮುಖವಾಡದ ಹಿಂದೆ ನಾಚಿಕೆಯಿಂದ ಬಿಡುಗಡೆ ಪಡೆಯುತ್ತಾನೆ. ಅವನ ಬಣ್ಣವನ್ನು ಕಾಯುವ ಊರಿಲ್ಲ, ತೊಳೆಯುವ ದಿನವಿಲ್ಲ. ಬಣ್ಣ ಬಳಿದವರೆಲ್ಲ ಕ್ರೂರಿಗಳೆಂಬ ಭಾವನೆ ವಸಾಹತು ಕಾಲದ ಇಂಗ್ಲೆಂಡಿನದು, ಅದರ ಕಲೆ ಈ ಕಾದಂಬರಿಗೂ ಅಂಟಿದೆ. ಪಿಗ್ಗಿಯ ಬಾಯಲ್ಲಿ ಮೂಲದಲ್ಲಿದ್ದ ಒಂದು ಜನಾಂಗೀಯ ಬೈಗುಳವನ್ನು ಅಮೆರಿಕದ ಆವೃತ್ತಿಯಲ್ಲಿ ಬದಲಾಯಿಸಬೇಕಾಯಿತು. ಆದರೆ ಗೋಲ್ಡಿಂಗ್ ಅದೇ ಅಹಂಕಾರವನ್ನು ಕೆದಕಿಯೂ ನೋಡುತ್ತಾರೆ. 1857ರ ‘ಕೋರಲ್ ಐಲ್ಯಾಂಡ್’ ಎಂಬ ಸಾಹಸಕಥೆಯಲ್ಲಿ ಇಂಗ್ಲಿಷ್ ಹುಡುಗರು ದ್ವೀಪದಲ್ಲಿ ಸಭ್ಯರಾಗಿಯೇ ಉಳಿಯುತ್ತಾರೆ, ಕೇಡು ಹೊರಗಿನವರಿಂದ ಬರುತ್ತದೆ. ಗೋಲ್ಡಿಂಗ್ ಆ ಕಥೆಯ ರಾಲ್ಫ್, ಜ್ಯಾಕ್ ಎಂಬ ಹೆಸರುಗಳನ್ನೇ ಎತ್ತಿಕೊಂಡು, ತಾವು ಇಂಗ್ಲಿಷರು, ಎಲ್ಲದರಲ್ಲೂ ಮೇಲು ಎಂಬ ಮಾತನ್ನು ಜ್ಯಾಕ್‌ನಿಂದಲೇ ಆಡಿಸುತ್ತಾರೆ.

ಜ್ಯಾಕ್‌ನ ಗುಂಪು ಅರಾಜಕವೂ ಅಲ್ಲ, ರಾಲ್ಫ್‌ನ ಸಭೆಗಿಂತ ಅಲ್ಲಿ ಶಿಸ್ತು ಹೆಚ್ಚು. ಅವನು ಹೂಮಾಲೆ ತೊಟ್ಟು ವಿಗ್ರಹದಂತೆ ಕುಳಿತು ಅಪ್ಪಣೆ ಕೊಟ್ಟರೆ ಮಾಂಸ ಹಂಚಲಾಗುತ್ತದೆ, ಹಸಿದ ರಾಲ್ಫ್ ಮತ್ತು ಪಿಗ್ಗಿ ಕೂಡ ಅದನ್ನು ತಿನ್ನುತ್ತಾರೆ. ದ್ವೀಪದಲ್ಲಿ ಮೃಗವೊಂದಿದೆ ಎಂಬ ಹುಡುಗರ ಭಯವನ್ನು ಅವನು ಪರಿಹರಿಸುವುದಿಲ್ಲ, ಪೋಷಿಸುತ್ತಾನೆ, ಅದಕ್ಕೆ ಹಂದಿಯ ತಲೆಯನ್ನು ಕೋಲಿಗೆ ಸಿಕ್ಕಿಸಿ ಕಾಣಿಕೆ ಇಡುತ್ತಾನೆ. ಮೃಗ ಬೇಟೆಗೆ ಸಿಗುವಂಥದ್ದಲ್ಲ, ನಿಮ್ಮ ಭಾಗವೇ ಎಂದು ಆ ನೊಣ ಮುತ್ತಿದ ತಲೆ ಸೈಮನ್‌ಗೆ ಹೇಳುವಂತೆ ಕೇಳಿಸುತ್ತದೆ. ಬೆಟ್ಟದ ಮೇಲಿನ ‘ಮೃಗ’ ಪ್ಯಾರಾಚೂಟಿಗೆ ಸಿಕ್ಕಿಕೊಂಡ ಸೈನಿಕನ ಹೆಣ. ದೊಡ್ಡವರ ಲೋಕದಿಂದ ಒಂದು ಗುರುತಾದರೂ ಬರಲಿ ಎಂದು ರಾಲ್ಫ್ ಹಂಬಲಿಸಿದ ರಾತ್ರಿಯೇ ಅದು ಬಂದು ಬೀಳುತ್ತದೆ. ಹತ್ತನೆಯ ಅಧ್ಯಾಯದಲ್ಲಿ ವಿಲ್ಫ್ರೆಡ್ ಎಂಬ ಹುಡುಗನನ್ನು ಕಟ್ಟಿಹಾಕಿ ಹೊಡೆಸಲಾಗುತ್ತದೆ, ಏಕೆಂದು ಯಾರಿಗೂ ಗೊತ್ತಿಲ್ಲ. ಅದನ್ನು ಕೇಳಿದ ರೋಜರ್ ಗಾಬರಿಯಾಗುವ ಬದಲು, ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಅಧಿಕಾರದಿಂದ ಏನೇನು ಮಾಡಬಹುದೆಂದು ಯೋಚಿಸುತ್ತಾನೆ.

ಹಾಗಾದರೆ ದೊಡ್ಡವರಿಲ್ಲದಿದ್ದರೆ ಮಕ್ಕಳು ಮೃಗಗಳಾಗುತ್ತಾರೆಯೇ? ಕಾದಂಬರಿಯೇ ಹಾಗೆ ಹೇಳುವುದಿಲ್ಲ. ಅವರನ್ನು ಉಳಿಸಲು ಬಂದ ಅಧಿಕಾರಿಯೂ ಯುದ್ಧನೌಕೆಯಿಂದ ಇಳಿದವನು, ಅವನದೂ ಬೇಟೆಯೇ. ಗೋಲ್ಡಿಂಗ್ ಮನುಷ್ಯರೆಲ್ಲರ ಬಗ್ಗೆ ಕಠಿಣವಾಗಿದ್ದರು. ಯುದ್ಧವನ್ನು ಕಂಡ ಮೇಲೂ ಜೇನುಹುಳು ಜೇನು ಮಾಡಿದಷ್ಟು ಸಹಜವಾಗಿ ಮನುಷ್ಯ ಕೇಡು ಮಾಡುತ್ತಾನೆಂದು ಕಾಣದವನು ಕುರುಡನೇ ಸರಿ ಎಂಬರ್ಥದಲ್ಲಿ ಒಂದು ಪ್ರಬಂಧದಲ್ಲಿ ಬರೆದಿದ್ದಾರೆ. ಅದು ಅವರ ದರ್ಶನ, ಪ್ರಯೋಗದಿಂದ ಸಿದ್ಧವಾದ ಸತ್ಯವೇನಲ್ಲ. 1965ರಲ್ಲಿ ಟೊಂಗಾ ದೇಶದ ಆರು ಶಾಲಾ ಹುಡುಗರು ದೋಣಿ ಕೆಟ್ಟು ಅಟಾ ಎಂಬ ನಿರ್ಜನ ದ್ವೀಪ ಸೇರಿದರು, ಸುಮಾರು 15 ತಿಂಗಳ ಮೇಲೆ, 1966ರಲ್ಲಿ, ಆಸ್ಟ್ರೇಲಿಯಾದ ಪೀಟರ್ ವಾರ್ನರ್ ಅವರ ದೋಣಿ ಅವರನ್ನು ಕಂಡಿತು. ಅವರು ಸರದಿ ಹಾಕಿಕೊಂಡು ದುಡಿದಿದ್ದರು, ಬೆಂಕಿ ಆರದಂತೆ ಕಾದಿದ್ದರು, ಕಾಲು ಮುರಿದ ಗೆಳೆಯನ ಮೂಳೆ ಕೂಡಿಸಿ ಕಟ್ಟಿದ್ದರು. ಅವರು ಮೊದಲೇ ಗೆಳೆಯರು, ಅವರಲ್ಲಿ ಈಟಿ ಹಿಡಿದ ಬೇರೆ ಪಡೆಯಿರಲಿಲ್ಲ. ಒಂದು ಘಟನೆಯಿಂದ ಕಾದಂಬರಿ ಸುಳ್ಳಾಗುವುದಿಲ್ಲ, ಆದರೆ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಮಕ್ಕಳು ಕಾರಣಗಳನ್ನು ಹುಡುಕಲು ತೊಡಗುತ್ತಾರೆ.

ಈಗ ನಿಮ್ಮ ಮುಂದಿರುವ ದಾರಿಗಳು. ಪುಸ್ತಕವನ್ನು ಕೈಬಿಡಬಹುದು, ಆಗ ಪಾಲಕರ ಭಯ ತಣ್ಣಗಾಗುತ್ತದೆ, ಆದರೆ ಹಾಸ್ಟೆಲಿನಲ್ಲಿ ದೊಡ್ಡವರು ಚಿಕ್ಕವರ ಮೇಲೆ ನಡೆಸುವ ದರ್ಪ ಈ ಪುಸ್ತಕದಿಂದ ಹುಟ್ಟಿದ್ದಲ್ಲವಾದ್ದರಿಂದ ಅದು ಇದ್ದಂತೆಯೇ ಇರುತ್ತದೆ. ಆಯ್ದ ಭಾಗ ಮಾತ್ರ ಓದಿಸಬಹುದು. ಸಮಯ ಉಳಿಯುತ್ತದೆ, ಆದರೆ ಬೇಟೆ ಮತ್ತು ಕೊಲೆಯ ಪುಟಗಳೇ ನೆನಪಿನಲ್ಲಿ ಉಳಿದು, ಅವುಗಳ ನಡುವಿನ ನಿಧಾನವಾದ ಜಾರುವಿಕೆ ತಪ್ಪಿಹೋಗುತ್ತದೆ. ಹನ್ನೆರಡೂ ಅಧ್ಯಾಯಗಳನ್ನು ಓದಿಸಿ, ಒಂದು, ನಾಲ್ಕು, ಐದು ಮತ್ತು ಎಂಟನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವುದು ನನ್ನ ಆಯ್ಕೆ. ಇದರಲ್ಲಿಯೂ ಒಂದು ಅಪಾಯವಿದೆ. ವಿಲ್ಫ್ರೆಡ್‌ನ ಪುಟ ಓದಿದ ಮೇಲೆ ಯಾವುದಾದರೂ ಮಗು ತನಗೂ ಹೀಗಾಗಿದೆ ಎಂದು ಬರೆದುಕೊಡಬಹುದು. ಅದನ್ನು ಸಾಹಿತ್ಯದ ಚರ್ಚೆಯಾಗಿ ಮುಗಿಸುವಂತಿಲ್ಲ. ಮಗುವಿನ ಹೆಸರು ಬಯಲಾಗದಂತೆ ಮುಖ್ಯ ಶಿಕ್ಷಕರ ಗಮನಕ್ಕೆ ತಂದು ಕ್ರಮವಾಗುವಂತೆ ನೋಡಬೇಕು, ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಎಲ್ಲರಿಗೂ ತಿಳಿಸಿರಬೇಕು. ಅದಕ್ಕೆ ಸಿದ್ಧರಿಲ್ಲದಿದ್ದರೆ ಓದಿಸಬೇಡಿ.

ನಾಟಕವನ್ನು ಈ ವರ್ಷ ಬಿಡಿ ಎಂಬುದು ನನ್ನ ಸಲಹೆ. ಪಿಗ್ಗಿಯ ಪಾತ್ರಕ್ಕೆ ನೀವು ದಪ್ಪಗಿರುವ ಹುಡುಗನನ್ನು ಆರಿಸಿದರೆ ಆ ಅಡ್ಡಹೆಸರು ಶಾಲೆ ಬಿಡುವವರೆಗೂ ಅವನನ್ನು ಬಿಡುವುದಿಲ್ಲ. ಸೈಮನ್‌ನ ಸಾವಿನ ಕುಣಿತಕ್ಕೆ ಇರುವ ಕೂಗು ತಾಳಬದ್ಧವಾಗಿದ್ದು ನಾಲಗೆಗೆ ಬೇಗ ಹತ್ತುತ್ತದೆ, ಮರುದಿನವೇ ಹಾಸ್ಟೆಲಿನ ವರಾಂಡದಲ್ಲಿ ಚಿಕ್ಕವರನ್ನು ಸುತ್ತುಗಟ್ಟಿ ಅದನ್ನು ಕೂಗುವವರು ಇದ್ದೇ ಇರುತ್ತಾರೆ. ಆಡಿಸಲೇಬೇಕೆಂದಿದ್ದರೆ ಐದನೆಯ ಅಧ್ಯಾಯದ ಸಭೆಯೊಂದನ್ನೇ ಎತ್ತಿಕೊಳ್ಳಿ. ಪಿಗ್ಗಿಯ ಮಾತುಗಳನ್ನು ಮಕ್ಕಳು ಸೇಡಂನ ತಮ್ಮ ಮನೆಮಾತಿನಲ್ಲಿಯೂ ಉಳಿದವರದನ್ನು ಪುಸ್ತಕದ ಕನ್ನಡದಲ್ಲಿಯೂ ಬರೆಯಲಿ, ಪಾತ್ರಗಳು ಪ್ರತಿ ಅಭ್ಯಾಸದಲ್ಲೂ ಕೈಬದಲಾಗಲಿ. ಆಕ್ಷೇಪಿಸಿದ ಪಾಲಕರನ್ನು ಆ ಅಭ್ಯಾಸಕ್ಕೆ ಕರೆಯಿರಿ. ಅವರ ಭಯ ಮಗುವಿನ ಮೇಲಿನ ಕಾಳಜಿಯಿಂದ ಬಂದದ್ದು, ಅದಕ್ಕೆ ವಾದದ ಉತ್ತರಕ್ಕಿಂತ ಮಕ್ಕಳು ಏನು ಮಾಡುತ್ತಿದ್ದಾರೆಂದು ನೋಡುವ ಅವಕಾಶ ಹೆಚ್ಚು ಸಮಾಧಾನ ಕೊಡುತ್ತದೆ.

ಸೈಮನ್ ಸಾಯುವ ಒಂಬತ್ತನೆಯ ಅಧ್ಯಾಯವನ್ನು ಮಾತ್ರ ಗಟ್ಟಿಯಾಗಿ ಓದಿಸಬೇಡಿ. ಮಕ್ಕಳು ಅದನ್ನು ಮೌನವಾಗಿ ಓದಿಕೊಂಡ ಮರುದಿನ ಹತ್ತನೆಯ ಅಧ್ಯಾಯದ ಮೊದಲ ಪುಟಗಳನ್ನು ತೆರೆಯಿರಿ. ಅಲ್ಲಿ ರಾಲ್ಫ್ ಅದು ಕೊಲೆಯೆಂದು ಹೇಳುತ್ತಾನೆ, ಪಿಗ್ಗಿ ಅದು ಆಕಸ್ಮಿಕವೆಂದು ಸಾಧಿಸುತ್ತಾನೆ, ಅವಳಿ ಹುಡುಗರು ತಾವು ಮೊದಲೇ ಹೊರಟುಹೋಗಿದ್ದೆವು ಎನ್ನುತ್ತಾರೆ. ಕುಣಿತದ ಸುತ್ತಿನಲ್ಲಿ ಅವರೆಲ್ಲರೂ ಇದ್ದರು. ಯಾರು ಏಕೆ ಸುಳ್ಳು ಹೇಳುತ್ತಿದ್ದಾರೆಂದು ಮಕ್ಕಳನ್ನೇ ಬರೆಯಲು ಬಿಡಿ, ಅವರೆಲ್ಲ ಬರೆದು ಮುಗಿಸುವವರೆಗೆ ನಿಮ್ಮ ಅಭಿಪ್ರಾಯ ಹೇಳಬೇಡಿ.